ಘಟ್ಟ ಹತ್ತುವಾಗ ಹೀಟರ್ ತಣ್ಣಗೆ ಊದುತ್ತದೆ, ಗಾಜು ಪೂರ್ತಿ ಮಸುಕು. ಡ್ಯಾಶ್‌ಬೋರ್ಡ್ ಬಿಚ್ಚಿಸಲೇಬೇಕೇ?

ತೋಟದಮನೆ, ಶಿರಸಿ · ಜುಲೈ 8, ರಾತ್ರಿ 10.50

ಎಲ್ಲರಿಗೂ ನಮಸ್ಕಾರ. ತಿಳಿದವರ ಸಲಹೆ ಬೇಕು, ಸ್ವಲ್ಪ ತುರ್ತು.

ನಮ್ಮದು 2012ರ ಡೀಸೆಲ್ ಕಾರು. ಒಂದು ಲಕ್ಷ ಮೂವತ್ತು ಸಾವಿರ ಕಿಲೋಮೀಟರ್ ಓಡಿದೆ. ಹೋದ ವರ್ಷ ಕುಮಟಾ ಕಡೆಯವರೊಬ್ಬರಿಂದ ಕೊಂಡದ್ದು. ಮೊನ್ನೆ ಆಯಿಯನ್ನು ಕುಮಟಾದಲ್ಲಿ ಕಣ್ಣಿನ ಡಾಕ್ಟರರಿಗೆ ತೋರಿಸಿಕೊಂಡು ಸಂಜೆ ಹೊರಟೆವು. ಕತಗಾಲ ದಾಟುವಷ್ಟರಲ್ಲಿ ಮಳೆ ಹಿಡಿಯಿತು. ದೇವಿಮನೆ ಘಟ್ಟ ಹತ್ತತೊಡಗಿದ ಮೇಲೆ ಮುಂದಿನ ಗಾಜು ಒಳಗಿನಿಂದ ಮಸುಕಾಗುತ್ತ ಬಂತು. ಹೀಟರ್ ಗುಂಡಿಯನ್ನು ಕೆಂಪಿನ ತುದಿಗೆ ತಿರುಗಿಸಿ ಗಾಳಿಯನ್ನು ಗಾಜಿನ ಕಡೆಗೆ ಬಿಟ್ಟೆ. ಬಂದದ್ದು ಹೊರಗಿನಷ್ಟೇ ತಣ್ಣನೆಯ ಗಾಳಿ. ಆಯಿ ಪಕ್ಕದ ಸೀಟಿನಲ್ಲಿ ಕುಳಿತು ಸೆರಗಿನಿಂದ ಗಾಜು ಒರೆಸುತ್ತಲೇ ಬಂದಳು. ಕಣ್ಣಿಗೆ ಔಷಧ ಬಿಟ್ಟಿದ್ದರಿಂದ ಅವಳಿಗೂ ಸರಿಯಾಗಿ ಕಾಣುತ್ತಿರಲಿಲ್ಲ. ಒಂದು ತಿರುವಿನಲ್ಲಿ ಎದುರಿಗೆ ಲಾರಿ ಬಂತು. ನನಗೆ ಕಂಡದ್ದು ಗಾಜಿನ ಮೇಲೆ ಹರಡಿದ ಎರಡು ಹಳದಿ ಮುದ್ದೆ ಮಾತ್ರ. ಎದೆ ಹೊಡೆದುಕೊಂಡದ್ದು ರಾಗಿಹೊಸಳ್ಳಿ ದಾಟಿದರೂ ನಿಂತಿರಲಿಲ್ಲ.

ನಿನ್ನೆ ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಬಾನೆಟ್ ಕೂಡ ಎತ್ತದೆ, ‘ಹೀಟರ್ ಕಾಯಿಲ್ ಹೋಗಿದೆ, ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಬೇಕು, 16 ಸಾವಿರ ಆಗುತ್ತದೆ’ ಎಂದರು. ಬೇರೆ ದಾರಿ ಇದೆಯೇ? ಇನ್ನು ಹತ್ತು ದಿನಕ್ಕೆ ಆಯಿಯನ್ನು ಮತ್ತೆ ಕರೆದುಕೊಂಡು ಹೋಗಬೇಕು.

ಕೋಡಿಬಾಗ, ಕಾರವಾರ · ಜುಲೈ 8, ರಾತ್ರಿ 11.05

ಹದಿನೆಂಟು ವರ್ಷದಿಂದ ಕಾರು ಓಡಿಸುತ್ತಿದ್ದೇನೆ, ಹೀಟರ್ ಗುಂಡಿಯನ್ನು ಮುಟ್ಟಿದ ನೆನಪಿಲ್ಲ. ನಮ್ಮ ಸೆಕೆಗೆ ಹೀಟರ್ ಯಾರಿಗೆ ಬೇಕು? ಎಸಿ ಹಾಕಿ, ಗಾಜು ಎರಡು ನಿಮಿಷದಲ್ಲಿ ತಿಳಿಯಾಗುತ್ತದೆ. 16 ಸಾವಿರ ಉಳಿಯಿತು.

ಅಂಶಿ ಹಾದಿ, ಜೋಯಿಡಾ · ಜುಲೈ 8, ರಾತ್ರಿ 11.12

ಕಾರವಾರದಲ್ಲಿ ಕುಳಿತು ಹಾಗೆ ಹೇಳಬಹುದು. ಕದ್ರಾದಿಂದ ಮೇಲಕ್ಕೆ ಜುಲೈ ತಿಂಗಳಲ್ಲಿ ಒಮ್ಮೆ ಬನ್ನಿ.

ಮಾಸ್ತರು, ಸಿದ್ದಾಪುರ · ಜುಲೈ 8, ರಾತ್ರಿ 11.30

ಕೋಡಿಬಾಗದವರು ಹೇಳಿದ್ದು ಅರ್ಧ ಸರಿ. ಎಸಿ ಗಾಳಿಯನ್ನು ತಣಿಸುವುದಷ್ಟೇ ಅಲ್ಲ, ಒಣಗಿಸುತ್ತದೆ. ತಣ್ಣನೆಯ ಕಾಯಿಲ್ ಮೇಲೆ ಗಾಳಿಯ ತೇವ ನೀರಾಗಿ ಇಳಿದು ಕಾರಿನ ಕೆಳಗೆ ಹನಿಯುತ್ತದೆ. ಒಣಗಿದ ಗಾಳಿ ಗಾಜಿನ ತೇವವನ್ನು ಎಳೆದುಕೊಳ್ಳುತ್ತದೆ.

ಆದರೆ ಬರೀ ತಣ್ಣನೆಯ ಗಾಳಿಯನ್ನು ಗಾಜಿಗೆ ಊದುತ್ತ ಹೋದರೆ ಗಾಜೇ ತಣ್ಣಗಾಗುತ್ತದೆ. ಆಗ ಮಸುಕು ಒಳಗಿನಿಂದ ಹೋಗಿ ಹೊರಗಿನಿಂದ ಕಟ್ಟುತ್ತದೆ. ಕರಾವಳಿಯವರು ರಾತ್ರಿ ಹೊತ್ತು ಇದನ್ನು ನೋಡಿರುತ್ತೀರಿ. ವೈಪರ್ ಒಮ್ಮೆ ಓಡಿಸಿದರೆ ಹೋಗುತ್ತದೆ, ಮತ್ತೆ ಬರುತ್ತದೆ. ಸರಿಯಾದ ಕ್ರಮವೆಂದರೆ ಎಸಿಯನ್ನೂ ಹಾಕಬೇಕು, ಗುಂಡಿಯನ್ನೂ ಬಿಸಿಯ ಕಡೆಗೆ ತಿರುಗಿಸಬೇಕು. ಎಸಿ ಒಣಗಿಸಿದ ಗಾಳಿಯನ್ನು ಹೀಟರ್ ಬಿಸಿಮಾಡಿ ಕಳಿಸುತ್ತದೆ. ಬಿಸಿ ಗಾಳಿ ಹೆಚ್ಚು ತೇವ ಹಿಡಿಯಬಲ್ಲದು, ಗಾಜೂ ಬೆಚ್ಚಗಾಗುತ್ತದೆ. ಎರಡೂ ಸೇರಿದರೆ ಮಾತ್ರ ಘಟ್ಟದ ಮಳೆಗೆ ಸಾಕು.

ಇನ್ನೊಂದು ಮಾತು: ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿ ಒತ್ತಿದ್ದರೆ ತೆಗೆಯಿರಿ. ನಾಲ್ಕು ಜನರ ಉಸಿರು, ನೆನೆದ ಕೊಡೆ, ಕಾಲಡಿಯ ಒದ್ದೆ ಚಾಪೆ, ಇಷ್ಟರ ತೇವವೂ ಒಳಗೇ ಉಳಿಯುತ್ತದೆ.

ಅಂಕೋಲೆಯವಳು · ಜುಲೈ 9, ಬೆಳಿಗ್ಗೆ 6.40

ಮಾಸ್ತರರೇ, ಎಸಿ ಹಾಕಿ ಗಾಜು ತಿಳಿಯಾದ ಮೇಲೆ ಎಸಿ ಬಂದ್ ಮಾಡಿದರೆ ಕ್ಷಣದಲ್ಲಿ ಮೊದಲಿಗಿಂತ ಹೆಚ್ಚು ಮಸುಕಾಗುತ್ತದಲ್ಲ, ಅದು ಏಕೆ? ಒಂದು ಸಲ ಅರಬೈಲಿನಲ್ಲಿ ಹಾಗಾಗಿ ತುಂಬ ಹೆದರಿದ್ದೆ.

ಮಾಸ್ತರು, ಸಿದ್ದಾಪುರ · ಜುಲೈ 9, ಬೆಳಿಗ್ಗೆ 7.15

ಎಸಿಯ ಕಾಯಿಲ್ ಮೇಲೆ ಹನಿಗಳು ನಿಂತಿರುತ್ತವೆ ತಂಗಿ. ಎಸಿ ಬಂದ್ ಆದೊಡನೆ ಫ್ಯಾನಿನ ಗಾಳಿ ಆ ಹನಿಗಳನ್ನೆಲ್ಲ ಆವಿಮಾಡಿ ನೇರ ಗಾಜಿಗೆ ಒಯ್ಯುತ್ತದೆ. ಘಟ್ಟ ಮುಗಿಯುವ ತನಕ ಎಸಿ ಬಂದ್ ಮಾಡಬೇಡಿ.

ಲಾರಿ ರಸ್ತೆ, ಯಲ್ಲಾಪುರ · ಜುಲೈ 9, ಬೆಳಿಗ್ಗೆ 7.50

ಪಾಠ ಚೆನ್ನಾಗಿದೆ, ಆದರೆ ತೋಟದಮನೆಯವರ ಹೀಟರ್ ಏಕೆ ಬಿಸಿಯಾಗುತ್ತಿಲ್ಲ ಎಂಬುದನ್ನು ಯಾರೂ ಕೇಳಲಿಲ್ಲ.

ಅಣ್ಣ, ಕಾರಿನ ಹೀಟರ್ ಎಂದರೆ ಕರೆಂಟಿನ ಒಲೆಯಲ್ಲ. ಎಂಜಿನ್ ಸುತ್ತಿ ಬಿಸಿಯಾದ ಕೂಲೆಂಟ್ ನೀರಿನ ಒಂದು ಪಾಲು ಎರಡು ಸಣ್ಣ ರಬ್ಬರ್ ಪೈಪುಗಳ ಮೂಲಕ ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರಿಗೆ ಹೋಗಿ ಬರುತ್ತದೆ. ಅದಕ್ಕೇ ಹೀಟರ್ ಕಾಯಿಲ್ ಎನ್ನುವುದು. ಅದರ ಮೇಲೆ ಫ್ಯಾನ್ ಗಾಳಿ ಊದುತ್ತದೆ. ಹಾಗಾಗಿ ತಪ್ಪು ಇರಬಹುದಾದ ಜಾಗ ಮೂರು. ನೀರು ಬಿಸಿಯೇ ಆಗುತ್ತಿಲ್ಲ, ಬಿಸಿಯಾದ ನೀರು ಕಾಯಿಲ್ ತನಕ ತಲುಪುತ್ತಿಲ್ಲ, ಕಾಯಿಲ್ ಬಿಸಿಯಾದರೂ ಗಾಳಿ ಅದರ ಮೇಲೆ ಹಾಯುತ್ತಿಲ್ಲ.

ಒಂದು ಪೈಸೆ ಖರ್ಚು ಮಾಡುವ ಮೊದಲು ಇಷ್ಟು ನೋಡಿ ಬರೆಯಿರಿ. ಎಂಜಿನ್ ತಣ್ಣಗಿರುವಾಗ ಕೂಲೆಂಟ್ ಡಬ್ಬಿಯ ಮಟ್ಟ ಎಷ್ಟು, ನೀರಿನ ಬಣ್ಣ ಯಾವುದು? ಹತ್ತು ಕಿಲೋಮೀಟರ್ ಓಡಿಸಿದ ಮೇಲೆ ಬಿಸಿಯ ಮುಳ್ಳು ಎಲ್ಲಿ ನಿಲ್ಲುತ್ತದೆ? ಆ ಎರಡು ಸಣ್ಣ ಪೈಪುಗಳನ್ನು ಕೈಯಿಂದ ಮುಟ್ಟಿದರೆ ಎರಡೂ ಸುಡುತ್ತವೆಯೇ, ಒಂದೇ ಸುಡುತ್ತದೆಯೇ, ಎರಡೂ ತಣ್ಣಗಿವೆಯೇ? ಫ್ಯಾನ್ ಮತ್ತು ಬೆಲ್ಟ್‌ಗಳಿಂದ ಕೈ ದೂರವಿರಲಿ, ಎಂಜಿನ್ ಬಂದ್ ಮಾಡಿಯೇ ಮುಟ್ಟಿ.

ಶರಾವತಿ ದಡ, ಹೊನ್ನಾವರ · ಜುಲೈ 9, ಬೆಳಿಗ್ಗೆ 8.20

ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಮಾತ್ರ ಯಾರೂ ತೆರೆಯಬೇಡಿ. ನನ್ನ ತಮ್ಮ ಬಟ್ಟೆ ಸುತ್ತಿಕೊಂಡು ಮುಚ್ಚಳ ತಿರುಗಿಸಿದ್ದ. ನೀರು ಆಳೆತ್ತರಕ್ಕೆ ಚಿಮ್ಮಿತು. ಮುಂಗೈಯ ಚರ್ಮ ಹೊಸದಾಗಿ ಬರಲು ಎರಡು ತಿಂಗಳು ಹಿಡಿಯಿತು.

ಮಾಸ್ತರು, ಸಿದ್ದಾಪುರ · ಜುಲೈ 9, ಬೆಳಿಗ್ಗೆ 8.45

ಕಾರಣವನ್ನೂ ತಿಳಿದಿರಿ. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ, ಘಟ್ಟದ ಮೇಲೆ ಶಿರಸಿಯಲ್ಲಿ 98ರ ಹೊತ್ತಿಗೇ. ರೇಡಿಯೇಟರ್ ಮುಚ್ಚಳದ ಮೇಲೆ 0.9 ಅಥವಾ 1.1 ಎಂದು ಬರೆದಿರುತ್ತದೆ, ಅದು ಒತ್ತಡದ ಲೆಕ್ಕ. ಆ ಒತ್ತಡದಲ್ಲಿ ನೀರು 120ರ ಆಸುಪಾಸಿನ ತನಕ ಕುದಿಯದೆ ತಡೆದುಕೊಂಡಿರುತ್ತದೆ. ಮುಚ್ಚಳ ತೆರೆದ ಕ್ಷಣ ಒತ್ತಡ ಇಲ್ಲವಾಗಿ ಎಲ್ಲವೂ ಒಮ್ಮೆಲೇ ಕುದಿಯುತ್ತದೆ. ಕುಕ್ಕರ್ ಸೀಟಿ ಇಳಿಯುವ ಮೊದಲು ಮುಚ್ಚಳ ತೆಗೆದ ಹಾಗೆಯೇ.

ತೋಟದಮನೆ, ಶಿರಸಿ · ಜುಲೈ 9, ಸಂಜೆ 6.30

ಲಾರಿ ಅಣ್ಣ, ನೀವು ಹೇಳಿದಂತೆ ನೋಡಿದೆ. ಡಬ್ಬಿಯ ನೀರು ಕೆಳಗಿನ ಗೆರೆಗೆ ಬಂದಿದೆ. ಬಣ್ಣ ಹಸಿರೂ ಅಲ್ಲ, ಕೆಂಪೂ ಅಲ್ಲ, ನಮ್ಮ ಮನೆಯ ಕಷಾಯದ ಬಣ್ಣ. ಬೆರಳು ಅದ್ದಿದರೆ ತಳದಲ್ಲಿ ನುಣ್ಣನೆಯ ಕೆಂಪು ಮಡ್ಡಿ.

ಹುಲೇಕಲ್ ತನಕ ಹೋಗಿ ಬಂದೆ. ಮುಳ್ಳು ಕಾಲು ಭಾಗಕ್ಕೂ ಏರಲಿಲ್ಲ. ಸಣ್ಣ ಪೈಪುಗಳಲ್ಲಿ ಒಂದು ಉಗುರು ಬೆಚ್ಚಗೆ, ಇನ್ನೊಂದು ತಣ್ಣಗೆ. ಇನ್ನೊಂದು ವಿಚಿತ್ರ: ಬೆಳಿಗ್ಗೆ ಚಾಲೂ ಮಾಡಿದ ಎರಡೇ ನಿಮಿಷಕ್ಕೆ ರೇಡಿಯೇಟರಿನ ಮೇಲಿನ ದಪ್ಪ ಪೈಪು ಬೆಚ್ಚಗಾಗತೊಡಗಿತು.

ಲಾರಿ ರಸ್ತೆ, ಯಲ್ಲಾಪುರ · ಜುಲೈ 9, ಸಂಜೆ 6.55

ಸಿಕ್ಕಿತು. ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಪುಟ್ಟ ಬಾಗಿಲು. ತೆರೆದೇ ಉಳಿದಿದೆ, ಇಲ್ಲವೇ ಅಲ್ಲಿ ಇಲ್ಲವೇ ಇಲ್ಲ. ಎಂಜಿನ್ ಬಿಸಿಯಾಗುವ ತನಕ ಆ ದಪ್ಪ ಪೈಪು ತಣ್ಣಗೇ ಇರಬೇಕಿತ್ತು.

ಗ್ಯಾರೇಜು ಮೂವತ್ತು ವರ್ಷ, ಕುಮಟಾ · ಜುಲೈ 9, ರಾತ್ರಿ 8.10

ನಾನು ಒಪ್ಪುವುದಿಲ್ಲ. ಒಂದು ಪೈಪು ಬೆಚ್ಚಗೆ, ಒಂದು ತಣ್ಣಗೆ ಎಂದರೆ ಕಾಯಿಲ್ ಕಟ್ಟಿಕೊಂಡಿದೆ ಎಂದೇ ಅರ್ಥ. ಆ ಮಡ್ಡಿ ಇನ್ನೆಲ್ಲಿ ಹೋಗಿ ಕೂರುತ್ತದೆ?

ಮತ್ತೆ ಥರ್ಮೋಸ್ಟಾಟ್ ತೆಗೆಯುವುದು ಮಹಾ ಅಪರಾಧ ಎಂಬಂತೆ ಎಲ್ಲರೂ ಬರೆಯುತ್ತಾರೆ. ನಾನೇ ನೂರಾರು ಗಾಡಿಗಳಿಂದ ತೆಗೆದಿದ್ದೇನೆ. ಘಟ್ಟದಲ್ಲಿ ಅದು ಮುಚ್ಚಿಕೊಂಡು ನಿಂತರೆ ಹೆಡ್ ಗ್ಯಾಸ್ಕೆಟ್ ಸುಡುತ್ತದೆ, 40 ಸಾವಿರದ ಕೆಲಸ. ಮದುವೆ ದಿಬ್ಬಣದ ಗಾಡಿ ನಡುರಾತ್ರಿ ದೇವಿಮನೆಯಲ್ಲಿ ನಿಂತಾಗ ಓಡಿಹೋಗಿ ನೋಡುವವರು ನಾವು. ನಮ್ಮ ಊರು ಕಾಶ್ಮೀರವಲ್ಲ, ಎಂಜಿನ್ ತಣ್ಣಗಿದ್ದರೆ ಒಳ್ಳೆಯದೇ.

ಲಾರಿ ರಸ್ತೆ, ಯಲ್ಲಾಪುರ · ಜುಲೈ 9, ರಾತ್ರಿ 8.40

ನಿಮ್ಮ ಅನುಭವಕ್ಕೆ ಗೌರವವಿದೆ, ಈ ಮಾತಿಗೆ ಇಲ್ಲ. ಎಂಜಿನ್ ತಣ್ಣಗಿದ್ದರೆ ಒಳ್ಳೆಯದಲ್ಲ. ಅದನ್ನು ಕಟ್ಟಿರುವುದೇ 90 ಡಿಗ್ರಿಯ ಸುತ್ತಮುತ್ತ ಕೆಲಸ ಮಾಡಲಿ ಎಂದು. ಅದಕ್ಕಿಂತ ಕೆಳಗೆ ಸದಾ ಓಡಿದರೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಮಸಿ ಕಟ್ಟುತ್ತದೆ. ಎಂಜಿನ್ ಆಯಿಲ್‌ನಲ್ಲಿ ಸೇರಿದ ತೇವ ಆವಿಯಾಗಿ ಹೋಗುವುದಿಲ್ಲ. ಮೈಲೇಜು ಇಳಿಯುತ್ತದೆ. ಮೇಲಾಗಿ ಕೆಲವು ಎಂಜಿನ್ನುಗಳಲ್ಲಿ ರೇಡಿಯೇಟರ್ ತಪ್ಪಿಸಿ ಹೋಗುವ ಒಳದಾರಿಯನ್ನು ಮುಚ್ಚುವ ಕೆಲಸವೂ ಥರ್ಮೋಸ್ಟಾಟಿನದೇ. ಅಲ್ಲಿ ಅದನ್ನು ತೆಗೆದರೆ ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆಯೇ ಹಿಂದಿರುಗಿ, ಏರಿನಲ್ಲಿ ಇನ್ನೂ ಹೆಚ್ಚು ಕಾಯುತ್ತದೆ.

ಮುಚ್ಚಿ ನಿಂತರೆ ಹೊಸದು ಹಾಕಬೇಕು. ಬಾಗಿಲು ಜಾಮ್ ಆಯಿತೆಂದು ಬಾಗಿಲನ್ನೇ ಕಿತ್ತು ಒಗೆಯುತ್ತೇವೆಯೇ?

ಗ್ಯಾರೇಜು ಮೂವತ್ತು ವರ್ಷ, ಕುಮಟಾ · ಜುಲೈ 9, ರಾತ್ರಿ 9.00

ಹೊಸದು ಒಂದು ವಾರವಾದರೂ ಬಾರದ ಕಾಲ ಇತ್ತು ಭಾವ. ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೇಳಿ ಕಳಿಸಬೇಕಿತ್ತು. ಗಿರಾಕಿ ಎದುರಿಗೆ ನಿಂತಿರುತ್ತಾನೆ, ಗಾಡಿ ಇವತ್ತೇ ಬೇಕು ಎನ್ನುತ್ತಾನೆ. ಆಗ ಏನು ಮಾಡುತ್ತೀರಿ?

ಲಾರಿ ರಸ್ತೆ, ಯಲ್ಲಾಪುರ · ಜುಲೈ 9, ರಾತ್ರಿ 9.06

ತೆಗೆದು ಕಳಿಸುತ್ತೇನೆ. ಬಂದ ಮೇಲೆ ಕರೆದು ಹಾಕುತ್ತೇನೆ. ಆ ಎರಡನೆಯದನ್ನು ಯಾರೂ ಮಾಡಲಿಲ್ಲ, ನನ್ನ ಸಿಟ್ಟು ಅದಕ್ಕೆ.

ಕೋಡಿಬಾಗ, ಕಾರವಾರ · ಜುಲೈ 9, ರಾತ್ರಿ 9.30

ನಿನ್ನೆಯ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಇವತ್ತು ಸಂಜೆ ಎಸಿಯನ್ನೂ ಬಿಸಿಯನ್ನೂ ಒಟ್ಟಿಗೆ ಹಾಕಿ ನೋಡಿದೆ, ಗಾಜು ಕೆಳಗಿನಿಂದ ಮೇಲಕ್ಕೆ ತಿಳಿಯಾಗುತ್ತ ಹೋಯಿತು. ಆದರೆ ಸುಟ್ಟ ಕಸದಂತಹ ವಾಸನೆ ಬರುತ್ತಿದೆ. ಇದು ಏನು?

ಅಂಶಿ ಹಾದಿ, ಜೋಯಿಡಾ · ಜುಲೈ 9, ರಾತ್ರಿ 9.41

ಹದಿನೆಂಟು ವರ್ಷದ ಧೂಳು ಇರಬಹುದು, ಆದರೂ ಬ್ಲೋವರ್ ಬಿಚ್ಚಿ ನೋಡಿಸಿ. ನಮ್ಮ ಜೀಪಿನ ಬ್ಲೋವರಿನೊಳಗೆ ಇಲಿ ಗೂಡು ಕಟ್ಟಿತ್ತು. ಅಡಕೆ ಸಿಪ್ಪೆಯ ನಾರು, ನನ್ನದೇ ವಿಮೆ ಕಾಗದದ ಚೂರುಗಳು, ನಡುವೆ ಕಣ್ಣು ಬಿಡದ ನಾಲ್ಕು ಮರಿಗಳು. ಕಾರನ್ನು ಅಂಗಳದ ಚಪ್ಪರದ ಕೆಳಗೆ, ಅಡಕೆ ಸುಲಿಯುವ ಜಾಗದ ಹತ್ತಿರ ನಿಲ್ಲಿಸುವವರು ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಾನೆಟ್ ಎತ್ತಲೇಬೇಕು.

ಶರಾವತಿ ದಡ, ಹೊನ್ನಾವರ · ಜುಲೈ 9, ರಾತ್ರಿ 9.58

ವಾಸನೆ ಸಿಹಿಯಾಗಿದ್ದು ಗಾಜಿನ ಮೇಲೆ ಜಿಡ್ಡಿನ ಪದರ ಕೂರುತ್ತಿದ್ದರೆ ಅದು ಬೇರೆ ಮಾತು. ಹೀಟರ್ ಕಾಯಿಲ್ ಸೋರುತ್ತಿದೆ ಎಂದರ್ಥ. ಬಟ್ಟೆಯಲ್ಲಿ ಎಷ್ಟು ಒರೆಸಿದರೂ ಆ ಪದರ ಬಳಿದುಕೊಳ್ಳುತ್ತದೆಯೇ ಹೊರತು ಹೋಗುವುದಿಲ್ಲ. ಪಕ್ಕದ ಸೀಟಿನ ಕಾಲಡಿಯೂ ಒದ್ದೆಯಾಗುತ್ತದೆ.

ಅಂಕೋಲೆಯವಳು · ಜುಲೈ 9, ರಾತ್ರಿ 10.10

ಕಾಲಡಿ ಒದ್ದೆಯಾದ ಮಾತ್ರಕ್ಕೆ ಕಾಯಿಲ್ ಎನ್ನಬೇಡಿ ಅಕ್ಕ. ನನ್ನ ಕಾರಿನಲ್ಲಿ ಎಸಿಯ ನೀರು ಹೋಗುವ ಕೊಳವೆ ಕಟ್ಟಿಕೊಂಡಿತ್ತು, ಅಷ್ಟೇ. ಬಿಳಿ ಕಾಗದ ಒತ್ತಿ ನೋಡಬೇಕು. ಬರೀ ನೀರಾದರೆ ಬಣ್ಣವಿಲ್ಲ, ಜಾರುವುದಿಲ್ಲ. ಕೂಲೆಂಟ್ ಆದರೆ ಬಣ್ಣ ಹತ್ತುತ್ತದೆ, ಬೆರಳಿಗೆ ಜಾರುತ್ತದೆ. ನಾಯಿ ಬೆಕ್ಕು ಇರುವ ಮನೆಯವರು ಸೋರಿದ ಕೂಲೆಂಟನ್ನು ತಕ್ಷಣ ತೊಳೆಯಿರಿ. ನೆಕ್ಕಿಬಿಡುತ್ತವೆ, ಅದು ವಿಷ.

ತೋಟದಮನೆ, ಶಿರಸಿ · ಜುಲೈ 12, ರಾತ್ರಿ 9.15

ಇವತ್ತು ಬೇರೆ ಮೆಕ್ಯಾನಿಕ್ ಒಬ್ಬರ ಹತ್ತಿರ ಹೋದೆ. ವಯಸ್ಸಿನಲ್ಲಿ ಚಿಕ್ಕವರು, ಆದರೆ ನಾನು ಬರೆದುಕೊಂಡು ಹೋದ ಚೀಟಿಯನ್ನು ಪೂರ್ತಿ ಓದಿದರು. ಎಂಜಿನ್ ತಣ್ಣಗಾಗುವ ತನಕ ಕಾದು, ದಪ್ಪ ಪೈಪು ಕಳಚಿ, ಥರ್ಮೋಸ್ಟಾಟಿನ ಗೂಡು ಬಿಚ್ಚಿದರು. ಒಳಗೆ ಏನೂ ಇರಲಿಲ್ಲ. ಖಾಲಿ. ಅದು ಕೂರಬೇಕಾದ ಜಾಗದಲ್ಲಿ ತುಕ್ಕಿನ ಉಂಗುರ ಮಾತ್ರ. ಕಾರು ಕೊಂಡಾಗ ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ.

ಹೊಸದಕ್ಕೆ 850 ರೂಪಾಯಿ. ಅದರ ಮೇಲೆ 88 ಎಂದು ಒತ್ತಿತ್ತು. ಹಾಕುವ ಮೊದಲು ಅವರು ಅದನ್ನು ದಾರದಲ್ಲಿ ಕಟ್ಟಿ ಚಹಾ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು, ಒಲೆ ಹಚ್ಚಿ, ಥರ್ಮಾಮೀಟರ್ ಹಿಡಿದರು. ತುಂಬ ಹೊತ್ತು ಏನೂ ಆಗಲಿಲ್ಲ. ಮುಳ್ಳು 88ರ ಹತ್ತಿರ ಬರುವಾಗ ನಡುವಿನ ಹಿತ್ತಾಳೆ ಬಿಲ್ಲೆ ಕೂದಲೆಳೆಯಷ್ಟು ಸರಿಯಿತು, ಆಮೇಲೆ ನೋಡನೋಡುತ್ತ ತೆರೆದುಕೊಳ್ಳುತ್ತ ಹೋಯಿತು. ನಾನು ಮೊದಲ ಸಲ ನೋಡಿದ್ದು.

ಈಗ ಮುಳ್ಳು ಅರ್ಧಕ್ಕೆ ಬಂದು ನಿಲ್ಲುತ್ತದೆ. ಗಾಳಿ ಬೆಚ್ಚಗಾಗಿದೆ, ಆದರೆ ಬಿಸಿಯಾಗಿಲ್ಲ. ಒಂದು ಪೈಪು ಸುಡುತ್ತದೆ, ಇನ್ನೊಂದು ಉಗುರು ಬೆಚ್ಚಗೆ.

ಗ್ಯಾರೇಜು ಮೂವತ್ತು ವರ್ಷ, ಕುಮಟಾ · ಜುಲೈ 12, ರಾತ್ರಿ 9.40

ಈಗಲಾದರೂ ಕಾಯಿಲ್ ಕಟ್ಟಿದೆ ಎಂಬುದನ್ನು ಒಪ್ಪುತ್ತೀರಾ?

ಲಾರಿ ರಸ್ತೆ, ಯಲ್ಲಾಪುರ · ಜುಲೈ 12, ರಾತ್ರಿ 9.44

ಒಪ್ಪಿದೆ. ಎರಡೂ ಇದ್ದವು. ನಾನು ಒಂದನ್ನೇ ಹಿಡಿದು ಕುಳಿತದ್ದು ತಪ್ಪು.

ಗ್ಯಾರೇಜು ಮೂವತ್ತು ವರ್ಷ, ಕುಮಟಾ · ಜುಲೈ 12, ರಾತ್ರಿ 10.05

ಹಾಗಾದರೆ ಕೇಳಿ. ಕಾಯಿಲ್ ಬದಲಿಸುವ ಮೊದಲು ತೊಳೆದು ನೋಡಬೇಕು, ಡ್ಯಾಶ್‌ಬೋರ್ಡ್ ಇಳಿಸುವುದು ಬೇಡ. ಎಂಜಿನ್ ತಣ್ಣಗಿರುವಾಗ ಎರಡೂ ಸಣ್ಣ ಪೈಪುಗಳನ್ನು ಕಳಚಿ. ನೀರು ವಾಪಸು ಬರುವ ಬಾಯಿಗೆ ತೋಟದ ಪೈಪನ್ನು ಹಿಡಿದು ಹಿಮ್ಮುಖವಾಗಿ ಬಿಡಬೇಕು, ಅಂದರೆ ಮಡ್ಡಿ ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ. ನಲ್ಲಿಯ ಮೆಲ್ಲನೆಯ ಹರಿವು ಸಾಕು. ಗಾಡಿ ತೊಳೆಯುವ ಪಂಪನ್ನಾಗಲಿ ಕಂಪ್ರೆಸರ್ ಗಾಳಿಯನ್ನಾಗಲಿ ಬಿಟ್ಟರೆ ತೆಳು ಅಲ್ಯೂಮಿನಿಯಂ ಒಡೆಯುತ್ತದೆ, ಆಗ ನಿಜವಾಗಿಯೂ 16 ಸಾವಿರ. ಆಸಿಡ್, ನಿಂಬೆಹುಳಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ.

ತೊಳೆದ ಕೊಳಕು ನೀರನ್ನು ಬಕೆಟ್ಟಿನಲ್ಲಿ ಹಿಡಿಯಿರಿ, ತೋಟಕ್ಕೂ ಬಾವಿಯ ಕಡೆಗೂ ಬಿಡಬೇಡಿ.

ಆಮೇಲೆ ಬಾವಿ ನೀರು ಹಾಕಬೇಡಿ. ನಿಮ್ಮ ಕಾರಿನ ರೋಗದ ಮೂಲ ಅದೇ. ನಮ್ಮ ಕರಾವಳಿಯ ಬಾವಿಗಳಲ್ಲಿ ಉಪ್ಪು, ಘಟ್ಟದ ಮೇಲಿನ ಎಷ್ಟೋ ಬಾವಿಗಳಲ್ಲಿ ಕಬ್ಬಿಣದ ಅಂಶ. ಕೂಲೆಂಟ್ ಇರುವುದು ಹಿಮಕ್ಕೆ ಎಂದು ಜನ ತಿಳಿದಿದ್ದಾರೆ. ನಮಗೆ ಅದು ಬೇಕಾಗಿರುವುದು ತುಕ್ಕಿಗೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಅರ್ಧ, ಕೂಲೆಂಟ್ ಅರ್ಧ, ಅಥವಾ ಬೆರೆಸಿಯೇ ಬರುವುದನ್ನು ಹಾಕಿ.

ಅಂಶಿ ಹಾದಿ, ಜೋಯಿಡಾ · ಜುಲೈ 12, ರಾತ್ರಿ 10.20

ತುಂಬಿಸುವಾಗ ಗಾಳಿ ಒಳಗೆ ಸಿಕ್ಕಿಕೊಳ್ಳುತ್ತದೆ, ಅದನ್ನು ಹೇಳಲಿಲ್ಲ. ಮೂತಿ ಮೇಲಾಗುವಂತೆ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ. ಹೀಟರ್ ಗುಂಡಿ ಪೂರ್ತಿ ಬಿಸಿಗೆ. ನಿಧಾನವಾಗಿ ಹೊಯ್ದು, ನಡುನಡುವೆ ದಪ್ಪ ಪೈಪನ್ನು ಹಿಸುಕಿದರೆ ಗುಳ್ಳೆಗಳು ಬರುತ್ತವೆ. ಗಾಳಿ ಬಿಡುವ ಸಣ್ಣ ಸ್ಕ್ರೂ ಇರುವ ಕಾರಾದರೆ ಅದರಿಂದ ನೀರು ಎಡೆಬಿಡದೆ ಬರುವ ತನಕ ತೆರೆದಿಡಿ. ಓಡಿಸುವಾಗ ಡ್ಯಾಶ್‌ಬೋರ್ಡಿನ ಹಿಂದೆ ಗುಳುಗುಳು ಸದ್ದು ಕೇಳಿದರೆ ಗಾಳಿ ಇನ್ನೂ ಇದೆ ಎಂದು ತಿಳಿಯಿರಿ. ಮರುದಿನ ಎಂಜಿನ್ ತಣ್ಣಗಿರುವಾಗ ಮಟ್ಟ ನೋಡಿ ಮತ್ತೆ ತುಂಬಿಸಿ.

ಕೋಡಿಬಾಗ, ಕಾರವಾರ · ಜುಲೈ 13, ಬೆಳಿಗ್ಗೆ 7.00

ಗಾಜಿಗೆ ಬೀಡಿಯ ಹೊಗೆಸೊಪ್ಪು ಉಜ್ಜಿದರೆ ಸಾಕು ಎಂದು ನಮ್ಮ ಹಳೆಯ ಚಾಲಕರು ಹೇಳುತ್ತಿದ್ದರು. ಅದೂ ಉಪಯೋಗವೇ?

ಲಾರಿ ರಸ್ತೆ, ಯಲ್ಲಾಪುರ · ಜುಲೈ 13, ಬೆಳಿಗ್ಗೆ 7.25

ಹೊರಗಿನ ಗಾಜಿಗೆ, ವೈಪರ್ ಕೆಟ್ಟ ರಾತ್ರಿಗೆ. ನಾನೂ ಉಜ್ಜಿದ್ದೇನೆ, ಮಳೆಹನಿ ಹನಿಯಾಗಿ ನಿಲ್ಲದೆ ಹಾಳೆಯಂತೆ ಇಳಿಯುತ್ತದೆ. ಒಳಗಿನ ಮಸುಕಿಗೆ ಅದನ್ನು ನಂಬಿ ಘಟ್ಟ ಇಳಿಯಬೇಡಿ. ಒಳಗಿನ ಗಾಜನ್ನು ಸಾಬೂನು ನೀರಿನಲ್ಲಿ ತೊಳೆದು ಒಣಬಟ್ಟೆಯಲ್ಲಿ ಒರೆಸಿಡಿ. ಜಿಡ್ಡು ಧೂಳು ಇದ್ದ ಗಾಜಿಗೆ ತೇವ ಬೇಗ ಕೂರುತ್ತದೆ.

ತೋಟದಮನೆ, ಶಿರಸಿ · ಜುಲೈ 18, ರಾತ್ರಿ 10.30

ಕಾಯಿಲ್ ತೊಳೆದದ್ದು ಭಾನುವಾರ, ನಮ್ಮ ಅಂಗಳದಲ್ಲಿ. ಮೆಕ್ಯಾನಿಕ್ ಮನೆಗೇ ಬಂದರು. ಮೊದಲು ನೀರು ಹೋಗಲೇ ಇಲ್ಲ, ಪೈಪಿನ ಬಾಯಿಯಿಂದ ಹಿಂದಕ್ಕೇ ಹಾರಿತು. ಎರಡೂ ಬದಿಯಿಂದ ಸರದಿಯಂತೆ ಬಿಡುತ್ತ ಹೋದ ಮೇಲೆ ಒಮ್ಮೆಲೇ ಕಾವಿ ಕದಡಿದಂತಹ ನೀರು ಬಂತು, ಅದರೊಳಗೆ ಬೆರಳ ತುದಿಯಷ್ಟು ದೊಡ್ಡ ತುಕ್ಕಿನ ಚಕ್ಕೆಗಳು. ಐದು ಬಕೆಟ್ ಹಿಡಿದ ಮೇಲೆ ತಿಳಿಯಾಯಿತು. ಕೂಲೆಂಟ್, ಥರ್ಮೋಸ್ಟಾಟ್, ಎರಡು ಹೊಸ ಕ್ಲಿಪ್ಪು, ಅವರ ಕೂಲಿ ಎಲ್ಲ ಸೇರಿ 3,400 ರೂಪಾಯಿ.

ಇವತ್ತು ಆಯಿಯನ್ನು ಕರೆದುಕೊಂಡು ಕುಮಟಾಕ್ಕೆ ಹೋಗಿ ಬಂದೆ. ಬರುವಾಗ ಮೊನ್ನೆಗಿಂತ ಜೋರು ಮಳೆ. ದೇವಿಮನೆಯಲ್ಲಿ ಮಂಜು ರಸ್ತೆಗೇ ಇಳಿದಿತ್ತು, ಎದುರಿನವರ ದೀಪ ಹತ್ತು ಮಾರು ದೂರದಲ್ಲಿ ಮಾತ್ರ ಕಾಣುತ್ತಿತ್ತು. ಆದರೆ ಕಾಣದಿದ್ದದ್ದು ಮಂಜಿನಿಂದ, ಗಾಜಿನಿಂದಲ್ಲ. ಮಾಸ್ತರರು ಹೇಳಿದಂತೆ ಎಸಿ ಮತ್ತು ಬಿಸಿ ಎರಡನ್ನೂ ಹಾಕಿದ್ದೆ. ಆಯಿ ಸೆರಗು ಮುಟ್ಟಲಿಲ್ಲ. ಅರ್ಧ ಘಟ್ಟದಲ್ಲಿ ಚಪ್ಪಲಿ ಕಳಚಿ, ಕಾಲನ್ನು ಗಾಳಿ ಬರುವ ಕಡೆಗೆ ಚಾಚಿ, ‘ಬಚ್ಚಲೊಲೆ ಮುಂದೆ ಕೂತಂತಿದೆ’ ಎಂದಳು.

ಎಲ್ಲರಿಗೂ ಮನಸಾರೆ ಧನ್ಯವಾದ. ಕುಮಟಾದ ಗ್ಯಾರೇಜಿನವರಿಗೂ, ಲಾರಿ ಅಣ್ಣನಿಗೂ ವಿಶೇಷವಾಗಿ.

ಗ್ಯಾರೇಜು ಮೂವತ್ತು ವರ್ಷ, ಕುಮಟಾ · ಜುಲೈ 18, ರಾತ್ರಿ 10.52

ಆಯಿಗೆ ನಮಸ್ಕಾರ ತಿಳಿಸಿ. ತಿಂಗಳ ನಂತರ ನೀರಿನ ಬಣ್ಣ ಮತ್ತೊಮ್ಮೆ ನೋಡಿ, ಉಳಿದ ಮಡ್ಡಿ ಇಳಿದಿರುತ್ತದೆ. ಕೆಂಪಾಗಿದ್ದರೆ ಇನ್ನೊಂದು ಸಲ ಬದಲಿಸಬೇಕು.

ಇನ್ನೊಂದು ಮಾತು. ನಮ್ಮ ಗ್ಯಾರೇಜಿನ ಡ್ರಾಯರಿನಲ್ಲಿ ಹಳೆಯ ಥರ್ಮೋಸ್ಟಾಟುಗಳ ಒಂದು ರಾಶಿಯೇ ಇದೆ. ಯಾವ ಗಾಡಿಯದು ಎಂದು ನೆನಪಿರುವ ಗಿರಾಕಿಗಳಿಗೆ ನಾಳೆಯಿಂದ ಫೋನ್ ಮಾಡುತ್ತೇನೆ.

ಅಂಕೋಲೆಯವಳು · ಜುಲೈ 19, ಬೆಳಿಗ್ಗೆ 6.55

ಎಲ್ಲರೂ ಇಲ್ಲೇ ಇರುವಾಗ ಕೇಳಿಬಿಡುತ್ತೇನೆ. ನನ್ನ ಕಾರಿನ ಹೀಟರ್ ಗಾಳಿ ನಾಲ್ಕನೆಯ ಸ್ಥಾನದಲ್ಲಿ ಮಾತ್ರ ಬರುತ್ತದೆ, ಒಂದು ಎರಡು ಮೂರರಲ್ಲಿ ಫ್ಯಾನ್ ತಿರುಗುವುದೇ ಇಲ್ಲ. ಮೋಟಾರ್ ಬದಲಿಸಬೇಕೇ?

ಲಾರಿ ರಸ್ತೆ, ಯಲ್ಲಾಪುರ · ಜುಲೈ 19, ಬೆಳಿಗ್ಗೆ 7.10

ಬೇಡ ತಂಗಿ. ನಾಲ್ಕರಲ್ಲಿ ತಿರುಗುತ್ತಿದೆ ಎಂದರೆ ಮೋಟಾರ್ ಸರಿಯಿದೆ. ಫ್ಯಾನಿನ ವೇಗ ತಗ್ಗಿಸುವ ಬ್ಲೋವರ್ ರೆಸಿಸ್ಟರ್ ಸುಟ್ಟಿರುತ್ತದೆ, ಸಾಮಾನ್ಯವಾಗಿ ಗ್ಲೋವ್‌ಬಾಕ್ಸ್ ಹಿಂದೆ ಇರುತ್ತದೆ. ಸಮುದ್ರದ ಗಾಳಿಗೆ ಅದರ ಸಾಕೆಟ್ ಹಸಿರು ಹಿಡಿದಿದೆಯೇ ಎಂದು ಮೊದಲು ನೋಡಿ, ಫೋಟೋ ಹಾಕಿ.